ಲುಕ್ಲಾದ ಏರು: ಇಳಿಜಾರು ರನ್‌ವೇಯ ಲೆಕ್ಕ ಮತ್ತು ಎರಡನೆಯ ಅವಕಾಶದ ಪ್ರಶ್ನೆ

ನೇಪಾಳದ ಸೋಲುಖುಂಬು ಜಿಲ್ಲೆಯ ಲುಕ್ಲಾದಲ್ಲಿರುವ ರನ್‌ವೇ 527 ಮೀಟರ್ ಉದ್ದ, 30 ಮೀಟರ್ ಅಗಲ. ಅದು ಸಮುದ್ರಮಟ್ಟದಿಂದ 2,845 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳು ತಲಾ 4,000 ಮೀಟರ್ ಇವೆ. ಅಂಥ ಒಂದರೊಳಗೆ ಲುಕ್ಲಾದ ಏಳು ರನ್‌ವೇ ಹಿಡಿಸಿ ಇನ್ನೂ ಜಾಗ ಮಿಗುತ್ತದೆ. ಲುಕ್ಲಾದ ಬಗ್ಗೆ ಬರೆಯುವವರು ಬಹುತೇಕ 'ಜಗತ್ತಿನ ಅತ್ಯಂತ ಅಪಾಯಕಾರಿ ವಿಮಾನ ನಿಲ್ದಾಣ' ಎಂದು ಶುರುಮಾಡಿ, ಉದ್ದ ಸಾಲದು, ಕೆಳತುದಿಯಲ್ಲಿ ಕಂದರ, ಮೇಲ್ತುದಿಯಲ್ಲಿ ಗೋಡೆ ಎಂದು ವರ್ಣಿಸಿ ಮುಗಿಸುತ್ತಾರೆ. ವರ್ಣನೆಯಲ್ಲಿ ಸುಳ್ಳಿಲ್ಲ. ಆದರೆ ರನ್‌ವೇಯ ಎರಡು ತುದಿಗಳ ನಡುವೆ ಸುಮಾರು 61 ಮೀಟರ್ ಎತ್ತರದ ವ್ಯತ್ಯಾಸವಿದೆ ಎಂಬುದು ಅಂಥ ಬರಹಗಳಲ್ಲಿ ಒಂದು ವಿಚಿತ್ರವಾಗಿ ಮಾತ್ರ ಬಂದು ಹೋಗುತ್ತದೆ. ಶೇ. 11.7ರ ಈ ಏರನ್ನು ಸರಿಯಾಗಿ ಲೆಕ್ಕ ಹಾಕಿದರೆ ಲುಕ್ಲಾದ ಅಪಾಯ ಎಲ್ಲಿದೆ ಎಂಬ ಪ್ರಶ್ನೆಗೆ ಬೇರೆಯೇ ಉತ್ತರ ಸಿಗುತ್ತದೆ ಎಂಬುದು ಈ ಟಿಪ್ಪಣಿಯ ವಾದ. ಏರು ಇಲ್ಲಿ ಉದ್ದದ ಕೆಲಸವನ್ನೇ ಮಾಡುತ್ತದೆ. ಆದರೆ ಚಕ್ರ ನೆಲ ಮುಟ್ಟಿದ ಮೇಲಷ್ಟೇ ಅದು ನೆರವಿಗೆ ಬರುತ್ತದೆ. ಅದಕ್ಕೆ ಮೊದಲು ಅದೇ ಏರು ಪೈಲಟ್‌ನ ಕಣ್ಣಿಗೆ ಮೋಸ ಮಾಡುತ್ತದೆ, ಇಳಿಯದೆ ಮತ್ತೆ ಮೇಲೆದ್ದು ಹೋಗುವ ದಾರಿಯನ್ನೂ ಮುಚ್ಚುತ್ತದೆ.

ಏರು ಬಂದದ್ದು ಹೇಗೆಂದು ಮೊದಲು ನೋಡಬೇಕು. ಎಂಜಿನಿಯರರು ಯೋಚಿಸಿ ಆರಿಸಿಕೊಂಡದ್ದು ಅದಲ್ಲ. ಎವರೆಸ್ಟ್ ಏರಿದ ಮೇಲೆ ಎಡ್ಮಂಡ್ ಹಿಲರಿ ಶೆರ್ಪಾ ಊರುಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸುವ ಕೆಲಸಕ್ಕೆ ತೊಡಗಿದರು. ಖುಂಜುಂಗ್ ಶಾಲೆ 1961ರದು, ಖುಂಡೆ ಆಸ್ಪತ್ರೆ 1966ರದು. ಸಾಮಾನು ಸಾಗಿಸುವುದೇ ಅಲ್ಲಿ ದೊಡ್ಡ ತೊಡಕಾಗಿತ್ತು. 1953ರ ಪರ್ವತಾರೋಹಿ ತಂಡ ಕಾಠ್ಮಂಡು ಕಣಿವೆಯಿಂದ ತ್ಯಾಂಗ್‌ಬೋಚೆ ಮಠ ತಲುಪಲು ಎರಡು ವಾರಕ್ಕೂ ಹೆಚ್ಚು ಕಾಲ ನಡೆದಿತ್ತು; ತಗಡು, ಔಷಧ, ಕಿಟಕಿಯ ಗಾಜು ಯಾವುದೇ ಇರಲಿ, ಹೊರೆಯಾಳುಗಳ ಬೆನ್ನ ಮೇಲೆ ಅದೇ ದಾರಿಯಲ್ಲಿ ಬರಬೇಕಿತ್ತು. 1961ರಲ್ಲಿ ಅಮಾ ದಬ್ಲಂ ಶಿಖರದ ಬುಡದ ಮಿಂಗ್ಬೊದಲ್ಲಿ, 4,500 ಮೀಟರಿಗೂ ಎತ್ತರದಲ್ಲಿ, ಒಂದು ಇಳಿದಾಣ ಸಿದ್ಧವಾಗಿ ಪಿಲಾಟಸ್ ಪೋರ್ಟರ್ ವಿಮಾನ ಇಳಿದದ್ದುಂಟು. ಆದರೆ ಅಷ್ಟು ತೆಳು ಗಾಳಿಯಲ್ಲಿ ನಿತ್ಯದ ಸಾಗಣೆ ನಡೆಯುವ ಮಾತಲ್ಲ. ಇನ್ನೂ ಕೆಳಗೆ ಜಾಗ ಬೇಕಿತ್ತು.

ಹಿಲರಿ ಮೊದಲು ಬಯಸಿದ್ದು ಸಮತಟ್ಟಾದ ಬೇಸಾಯದ ಭೂಮಿಯನ್ನು. ರೈತರು ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಕೊನೆಗೆ ಲುಕ್ಲಾದ ಇಳಿಜಾರು ಜಾಗವನ್ನು ಸ್ಥಳೀಯ ಶೆರ್ಪಾಗಳಿಂದ 2,650 ಡಾಲರಿಗೆ ಕೊಂಡು, ಅವರ ಕೈಯಿಂದಲೇ ಹದಮಾಡಿಸಿ, 1964ರಲ್ಲಿ ಇಳಿದಾಣ ಮಾಡಲಾಯಿತು. ರೈತರ ಈ ನಿರಾಕರಣೆಗೆ ಚರಿತ್ರೆಯಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಆಲೂಗಡ್ಡೆಯೇ ಮುಖ್ಯ ಆಹಾರವಾಗಿದ್ದ ಆ ಸೀಮೆಯಲ್ಲಿ ಸಮತಟ್ಟಾದ ಒಂದು ತುಂಡು ನೆಲವೆಂದರೆ ಒಂದು ಮನೆಯ ವರ್ಷದ ಊಟ. ಅವರು ಹೊಲ ಬಿಟ್ಟುಕೊಟ್ಟಿದ್ದರೆ ರನ್‌ವೇ ಚಪ್ಪಟೆಯಾಗಿರುತ್ತಿತ್ತು. ಅಷ್ಟು ಎತ್ತರದಲ್ಲಿ ಚಪ್ಪಟೆ ರನ್‌ವೇಗೆ ಬೇಕಾಗುವ ಉದ್ದ ಮಾತ್ರ ಅಲ್ಲಿ ಸಿಗುತ್ತಿರಲಿಲ್ಲ.

ನೆಲ ಗಟ್ಟಿ ಮಾಡಿದ ಕಥೆ ಹೆಚ್ಚು ಪ್ರಸಿದ್ಧ. ಮಣ್ಣು ಮೆತ್ತಗಿದೆ ಎಂದು ಅತೃಪ್ತರಾದ ಹಿಲರಿ ಶೆರ್ಪಾಗಳಿಗೆ ಅಲ್ಲಿನ ಮದ್ಯ ತರಿಸಿಕೊಟ್ಟು, ಕಾಲು ಅಪ್ಪಳಿಸಿ ಕುಣಿಯುವ ಅವರ ಸಾಲು ಕುಣಿತವನ್ನು ಆ ಪಟ್ಟಿಯ ಮೇಲೆ ನಡೆಸಿದರು ಎನ್ನುತ್ತಾರೆ. ಹೇಳಿಕೆಯಾಗಿ ಬಂದಿರುವ ಸಂಗತಿಯನ್ನು ಹೇಳಿಕೆಯೆಂದೇ ದಾಖಲಿಸುತ್ತೇನೆ. ತಂತ್ರದ ದೃಷ್ಟಿಯಿಂದ ಅದರಲ್ಲಿ ಅಸಂಭವವೇನಿಲ್ಲ. ಸಡಿಲ ಮಣ್ಣು ಗಟ್ಟಿಯಾಗುವುದು ಅದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುವ ಒತ್ತಡದಿಂದ. ಡಾಂಬರು ಬಂದದ್ದು 2001ರಲ್ಲಿ. ಅಲ್ಲಿಯವರೆಗೆ, ಮೂವತ್ತೇಳು ವರ್ಷ, ವಿಮಾನಗಳು ಮಣ್ಣು-ಜಲ್ಲಿಯ ಮೇಲೆಯೇ ಇಳಿದವು. 2008ರ ಜನವರಿಯಲ್ಲಿ ಹಿಲರಿ ತೀರಿಕೊಂಡರು. ಅದೇ ತಿಂಗಳು ನಿಲ್ದಾಣಕ್ಕೆ ತೇನ್‌ಸಿಂಗ್-ಹಿಲರಿ ಎಂಬ ಹೆಸರಾಯಿತು.

ಇನ್ನು ಲೆಕ್ಕ. ರನ್‌ವೇಯ ಮೇಲ್ತುದಿಯಲ್ಲಿ ನಿಂತ ವಿಮಾನ, ಎಂಜಿನ್ ಇಲ್ಲದೆ, ಘರ್ಷಣೆಯೂ ಗಾಳಿಯ ತಡೆಯೂ ಇಲ್ಲದೆ, ಇಳಿಜಾರಿನಲ್ಲಿ ಗೇರ್ ತೆಗೆದುಬಿಟ್ಟ ಲಾರಿಯಂತೆ ಉರುಳಿತು ಎಂದುಕೊಳ್ಳೋಣ. 61 ಮೀಟರ್ ಇಳಿದು ಕೆಳತುದಿ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 125 ಕಿಲೋಮೀಟರ್ ಆಗಿರುತ್ತದೆ. ಸಣ್ಣ ಸಾರಿಗೆ ವಿಮಾನವೊಂದು ನೆಲ ಬಿಡಲು ಬೇಕಾದ ವೇಗದ ಬಹುಪಾಲನ್ನು ಇಳಿಜಾರೊಂದೇ ಕೊಟ್ಟಂತಾಯಿತು. ವಾಸ್ತವದಲ್ಲಿ ಘರ್ಷಣೆಯೂ ಗಾಳಿಯ ತಡೆಯೂ ಇದ್ದೇ ಇರುತ್ತವೆ, ಆದರೆ ಎಂಜಿನ್ ಕೂಡ ಇರುತ್ತದೆ. ಎಂಜಿನ್ ಎಷ್ಟೇ ವೇಗೋತ್ಕರ್ಷ ಕೊಡಲಿ, ಅದರ ಮೇಲೆ ಗುರುತ್ವವು ಸೆಕೆಂಡಿಗೆ 1.1 ಮೀಟರಿನಂತೆ ಪ್ರತಿ ಸೆಕೆಂಡೂ ಸೇರಿಸುತ್ತ ಹೋಗುತ್ತದೆ.

ಇಳಿಯುವಾಗ ಇದೇ ಲೆಕ್ಕ ತಿರುಗುಮುರುಗು. ಇಲ್ಲಿ ಎತ್ತರದ ಮಾತೂ ಬರುತ್ತದೆ. 2,845 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಭಾಗ ಮಾತ್ರ. ಅಷ್ಟು ತೆಳು ಗಾಳಿಯಲ್ಲಿ ರೆಕ್ಕೆ ಅದೇ ಭಾರವನ್ನು ಹೊರಬೇಕಾದರೆ ವಿಮಾನ ಶೇ. 15ರಷ್ಟು ಹೆಚ್ಚು ವೇಗದಲ್ಲಿರಬೇಕು. ಕಾಕ್‌ಪಿಟ್‌ನ ವೇಗಮಾಪಕ 75 ನಾಟ್ ತೋರಿಸುತ್ತಿದ್ದರೆ ನಿಜವಾದ ವೇಗ 86 ನಾಟ್, ಅಂದರೆ ಗಂಟೆಗೆ 160 ಕಿಲೋಮೀಟರ್. ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಸಮುದ್ರಮಟ್ಟಕ್ಕೆ ಹೋಲಿಸಿದರೆ ಮೂರನೇ ಒಂದು ಪಾಲು ಹೆಚ್ಚು ಉದ್ದ ಬೇಕು. ಎತ್ತರ ಕಿತ್ತುಕೊಂಡ ಈ ಉದ್ದವನ್ನು ಏರು ಹಿಂದಿರುಗಿಸುತ್ತದೆ: ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿರುವ ವಿಮಾನದ ಚಲನ ಶಕ್ತಿಯಲ್ಲಿ ಶೇ. 60ರಷ್ಟನ್ನು ಆ 61 ಮೀಟರ್ ಹತ್ತುವ ಕೆಲಸವೇ ನುಂಗಿಹಾಕುತ್ತದೆ. ಉಳಿದದ್ದಷ್ಟೇ ಬ್ರೇಕಿನ ಮತ್ತು ಹಿಮ್ಮುಖವಾಗಿ ತಳ್ಳುವ ಪ್ರೊಪೆಲರ್‌ನ ಪಾಲು. ಮೇಲ್ತುದಿಯಲ್ಲಿ ವಿಮಾನ ಇನ್ನೂ ಒಂದಿಷ್ಟು ಎಂಜಿನ್ ಕೊಟ್ಟುಕೊಂಡೇ ನಿಲುಗಡೆಯ ಜಾಗಕ್ಕೆ ತಿರುಗುವುದನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ನಿಲ್ಲಿಸುವುದು ಇಲ್ಲಿ ಕಷ್ಟದ ಭಾಗವಲ್ಲ.

ಇಂಥ ರನ್‌ವೇ ಲುಕ್ಲಾದಲ್ಲೇ ಮೊದಲು ಕಂಡದ್ದಲ್ಲ. ಅದಕ್ಕಿಂತ ಸುಮಾರು ನಲವತ್ತು ವರ್ಷ ಮೊದಲು ನ್ಯೂಗಿನಿಯ ವಾವು ಎಂಬಲ್ಲಿ ಇದೇ ತಂತ್ರ ಬಳಕೆಗೆ ಬಂದಿತ್ತು. 1926ರಲ್ಲಿ ಹತ್ತಿರದ ಈಡಿ ಕ್ರೀಕ್‌ನಲ್ಲಿ ಚಿನ್ನ ಸಿಕ್ಕಾಗ, ಸಲಮಾವಾ ಕರಾವಳಿಯಿಂದ ಕಾಡುಬೆಟ್ಟ ಹತ್ತಿ ಅಲ್ಲಿಗೆ ತಲುಪಲು ಒಂದು ವಾರ ಹಿಡಿಯುತ್ತಿತ್ತು. 1927ರ ಏಪ್ರಿಲ್‌ನಲ್ಲಿ ಪಾರ್ಡ್ ಮಸ್ಟರ್ ಎಂಬ ಆಸ್ಟ್ರೇಲಿಯದ ಪೈಲಟ್ ಲೇ ಪಟ್ಟಣದಿಂದ ಡಿ ಹ್ಯಾವಿಲೆಂಡ್ ವಿಮಾನ ಹಾರಿಸಿಕೊಂಡು ಹೋಗಿ ವಾವುವಿನ ಹುಲ್ಲುಗಾವಲ ಇಳಿಜಾರಿನಲ್ಲಿ ಇಳಿಸಿದ. ಒಂದು ವಾರದ ನಡಿಗೆ ಒಂದು ಗಂಟೆಗೂ ಕಡಿಮೆಯ ಹಾರಾಟವಾಯಿತು. ಮುಂದೆ ಪಕ್ಕದ ಬುಲೊಲೊ ಕಣಿವೆಗೆ ಚಿನ್ನ ಸೋಸುವ ದೈತ್ಯ ಡ್ರೆಜ್ಜರ್‌ಗಳನ್ನೇ ಬಿಡಿ ಭಾಗಗಳಾಗಿ ಯುಂಕರ್ಸ್ ವಿಮಾನಗಳಲ್ಲಿ ಹೊತ್ತು ತಂದರು.

ವಾವುವಿನ ರನ್‌ವೇ ಸುಮಾರು 940 ಮೀಟರ್ ಉದ್ದ, ಏರು ಶೇ. 10ರ ಆಸುಪಾಸು, ಮೇಲ್ತುದಿಯ ಎದುರಿಗೆ ಕೈಂಡಿ ಬೆಟ್ಟ. ಈಶಾನ್ಯದಿಂದ ಬಂದು ಏರಿನ ಮೇಲೆ ಇಳಿಯಬೇಕು, ಅದೇ ದಿಕ್ಕಿಗೆ ಇಳುಕಲಿನಲ್ಲಿ ಹೊರಡಬೇಕು, ಬೇರೆ ದಾರಿಯಿಲ್ಲ. 1943ರ ಜನವರಿ ಕೊನೆಯಲ್ಲಿ ಜಪಾನಿ ಪಡೆ ರನ್‌ವೇಯ ಅಂಚಿಗೆ ಬಂದು ಮುಟ್ಟಿದಾಗ, ಗುಂಡಿನ ನಡುವೆಯೇ ಡಕೋಟಾ ವಿಮಾನಗಳು ಆಸ್ಟ್ರೇಲಿಯದ 17ನೇ ಬ್ರಿಗೇಡಿನ ಸೈನಿಕರನ್ನು ಆ ಏರಿನ ಮೇಲೆ ಇಳಿಸಿ ಹೋದವು. ಊರು ಉಳಿಯಿತು. ಡಕೋಟಾದಷ್ಟು ಭಾರದ ವಿಮಾನ ಅಷ್ಟು ಒರಟು ನೆಲದಲ್ಲಿ ಮತ್ತೆ ಮತ್ತೆ ಬಂದು ನಿಂತದ್ದು ಏರು ಉದ್ದದ ಕೆಲಸ ಮಾಡುತ್ತದೆ ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಕಠಿಣ ಪರೀಕ್ಷೆ. ಚಿನ್ನದ ಆಸೆಗೆ ಹುಟ್ಟಿದ ವಾವು, ಆಸ್ಪತ್ರೆಯ ಸಾಮಾನಿಗಾಗಿ ಹುಟ್ಟಿದ ಲುಕ್ಲಾ: ಉದ್ದೇಶಗಳಿಗೆ ಸಂಬಂಧವಿಲ್ಲ, ರೂಪ ಒಂದೇ.

ಆದರೆ ಈ ಎಲ್ಲ ಲೆಕ್ಕವೂ ಚಕ್ರ ನೆಲ ಮುಟ್ಟಿದ ಮೇಲಿನದು. ಕಷ್ಟವಿರುವುದು ಅದಕ್ಕೆ ಹಿಂದಿನ ಅರ್ಧ ನಿಮಿಷದಲ್ಲಿ.

ಸಾಮಾನ್ಯ ನಿಲ್ದಾಣಕ್ಕೆ ವಿಮಾನ 3 ಡಿಗ್ರಿ ಕೋನದಲ್ಲಿ ಇಳಿದು ಬರುತ್ತದೆ. ಸಾವಿರಾರು ಸಲ ಇಳಿದ ಪೈಲಟ್‌ನ ಕಣ್ಣಿಗೆ ರನ್‌ವೇ ಆ ಕೋನದಿಂದ ಹೇಗೆ ಕಾಣಬೇಕೆಂಬುದು ಅಭ್ಯಾಸವಾಗಿರುತ್ತದೆ. ಲುಕ್ಲಾದ ರನ್‌ವೇ ತಾನೇ 6.7 ಡಿಗ್ರಿ ಮೇಲಕ್ಕೆ ಎದ್ದು ನಿಂತಿದೆ. 3 ಡಿಗ್ರಿಯಲ್ಲೇ ಸರಿಯಾಗಿ ಬಂದರೂ ನೋಟಕ್ಕೂ ರನ್‌ವೇಗೂ ನಡುವಿನ ಕೋನ ಹತ್ತಿರ ಹತ್ತಿರ 10 ಡಿಗ್ರಿ. ಕಣ್ಣು ಅದನ್ನು 'ತುಂಬ ಮೇಲಿದ್ದೇನೆ' ಎಂದು ಓದುತ್ತದೆ. ಹಾಗೆ ಓದಿದ ಪೈಲಟ್ ಮೂತಿಯನ್ನು ಇನ್ನಷ್ಟು ಕೆಳಗೆ ಮಾಡುತ್ತಾನೆ, ವಿಮಾನ ಕೆಳತುದಿಗಿಂತಲೂ ಕೆಳಗೆ, ಬಂಡೆಯ ಕಡೆಗೆ, ಜಾರುತ್ತದೆ. ಏರು ರನ್‌ವೇಯ ಈ ದೃಷ್ಟಿಭ್ರಮೆ ಹಾರಾಟ ತರಬೇತಿಯ ಪಾಠದಲ್ಲಿ ಎಲ್ಲೆಡೆ ಇದೆ. ಬೇರೆ ನಿಲ್ದಾಣಗಳಲ್ಲಿ ಅದು ಒಂದೆರಡು ಡಿಗ್ರಿಯ ಮಾತು, ಇಲ್ಲಿ ಏಳರದು.

ಕಣ್ಣನ್ನು ನಂಬದೆ ಸರಿಯಾಗಿ ಬಂದವನಿಗೂ ಇನ್ನೊಂದು ತೊಡಕು ಕಾದಿರುತ್ತದೆ. ಇಳಿಯುತ್ತಿರುವ ವಿಮಾನವನ್ನು ನೆಲ ಮುಟ್ಟುವ ಕ್ಷಣದಲ್ಲಿ ಏರಿಗೆ ಸಮನಾಗಿ ಮೇಲ್ಮುಖ ಮಾಡಬೇಕು: ಚಪ್ಪಟೆ ರನ್‌ವೇಯಲ್ಲಿ 3 ಡಿಗ್ರಿಯ ತಿದ್ದುಪಡಿ, ಇಲ್ಲಿ ಸುಮಾರು 10 ಡಿಗ್ರಿಯದು. ಮೂತಿ ಎತ್ತುತ್ತಿದ್ದಂತೆ ವೇಗ ಕುಸಿಯುತ್ತದೆ, ಆದ್ದರಿಂದ ಎಂಜಿನ್ ಶಕ್ತಿಯನ್ನು ಕೊನೆಯವರೆಗೂ ಕಾಪಾಡಿಕೊಂಡಿರಬೇಕು. ತಡವಾದರೆ ಬಡಿತ, ಬೇಗ ಆದರೆ ರೆಕ್ಕೆ ಸೋಲುತ್ತದೆ.

ಬೇಡವೆನಿಸಿದರೆ ಹಿಂದಕ್ಕೆ ಹೋಗಬಹುದಲ್ಲ? ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ರನ್‌ವೇಯ ಮೇಲೆ ಹಾರುತ್ತಿರುವ ವಿಮಾನ ಸೆಕೆಂಡಿಗೆ 5 ಮೀಟರ್, ಅಂದರೆ ನಿಮಿಷಕ್ಕೆ ಸಾವಿರ ಅಡಿ, ಏರುತ್ತಿದ್ದರೆ ಮಾತ್ರ ಕೆಳಗಿನ ಡಾಂಬರಿಗೆ ತಾಗದೆ ಉಳಿದೀತು. ಅಷ್ಟು ಏರಿಯೂ ಗಳಿಸಿದ ಎತ್ತರ ಸೊನ್ನೆ. ಆಚೆ ರನ್‌ವೇಗಿಂತಲೂ ಕಡಿದಾದ ಬೆಟ್ಟ. ಇಳಿಯಲು ಅಣಿಯಾಗಿ ಫ್ಲಾಪ್ ಬಿಚ್ಚಿಕೊಂಡ, ಪ್ರಯಾಣಿಕರು ತುಂಬಿದ ವಿಮಾನ ತೆಳು ಗಾಳಿಯಲ್ಲಿ ಇದನ್ನು ಮಾಡಲಾರದು. ಹೀಗಾಗಿ ಇಳಿಯುವ ನಿರ್ಧಾರ ಲುಕ್ಲಾದ ಕೆಳಗಿನ ದೂಧ್ ಕೋಸಿ ಕಣಿವೆಯಲ್ಲಿ, ತಿರುಗಿಕೊಳ್ಳಲು ಇನ್ನೂ ಅಗಲವಿರುವ ಜಾಗದಲ್ಲಿ ಮುಗಿದಿರಬೇಕು. ಆ ಜಾಗ ದಾಟಿದ ಮೇಲೆ ಇಳಿಯಲೇಬೇಕು.

ಜಾಗಕ್ಕೆ ಹೊತ್ತಿನ ಕಟ್ಟುಪಾಡೂ ಸೇರಿಕೊಳ್ಳುತ್ತದೆ. ಬೆಳಗ್ಗೆ ಬಿಸಿಲು ಏರಿದಂತೆ ಬೆಟ್ಟದ ಮೈ ಕಾದು, ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸತೊಡಗುತ್ತದೆ. ಕಣಿವೆಯಿಂದ ಮೇಲೆ ಬಂದು ಇಳಿಯುವ ವಿಮಾನಕ್ಕೆ ಅದು ಬೆನ್ನ ಗಾಳಿ. ಬೇರೆ ನಿಲ್ದಾಣದಲ್ಲಾದರೆ ದಿಕ್ಕು ಬದಲಿಸಿ ಎದುರುಗಾಳಿಗೆ ಇಳಿಯಬಹುದು, ಇಲ್ಲಿ ದಿಕ್ಕು ಒಂದೇ. 10 ನಾಟ್ ಬೆನ್ನ ಗಾಳಿ ನಿಲ್ಲುವ ದೂರವನ್ನು ಕಾಲು ಭಾಗದಷ್ಟು ಹೆಚ್ಚಿಸುತ್ತದೆ. ಗಾಳಿಯೊಂದಿಗೆ ಮೋಡವೂ ಏರಿಬಂದು ಕೆಳತುದಿಯನ್ನು ಮುಚ್ಚುತ್ತದೆ. ಲುಕ್ಲಾದ ಹಾರಾಟ ಬಹುಪಾಲು ಬೆಳಗಿನ ಹೊತ್ತಿಗೇ ಮುಗಿಯುವುದು ಈ ಕಾರಣಕ್ಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಪಘಾತಗಳನ್ನು ನೋಡಬೇಕು. 2008ರ ಅಕ್ಟೋಬರ್ 8ರಂದು ಕಾಠ್ಮಂಡುವಿನಿಂದ ಬಂದ ಟ್ವಿನ್ ಆಟರ್ ವಿಮಾನ ಮಂಜಿನಲ್ಲಿ ರನ್‌ವೇಯ ಕೆಳತುದಿಗೆ ಮುಂಚೆಯೇ ಬಡಿದು ಉರಿಯಿತು. 18 ಮಂದಿ ಸತ್ತರು, ಕ್ಯಾಪ್ಟನ್ ಒಬ್ಬರೇ ಉಳಿದರು. 2017ರ ಮೇ 27ರಂದು ಸರಕು ಹೊತ್ತು ಬಂದ ಲೆಟ್ 410 ವಿಮಾನವೂ ಮೋಡ ಕವಿದಿದ್ದಾಗ ಕೆಳತುದಿಗಿಂತ ಕೆಳಗಿನ ಇಳಿಜಾರಿಗೆ ಬಡಿಯಿತು. ಇಬ್ಬರು ಪೈಲಟ್‌ಗಳು ತೀರಿಕೊಂಡರು. 2019ರ ಏಪ್ರಿಲ್ 14ರದು ಬೇರೆ ಬಗೆಯದು: ಹೊರಡಲು ಓಡುತ್ತಿದ್ದ ಲೆಟ್ 410 ಬಲಕ್ಕೆ ಎಳೆದು, ಪಕ್ಕದಲ್ಲಿ ನಿಂತಿದ್ದ ಹೆಲಿಕಾಪ್ಟರ್‌ಗಳಿಗೆ ಡಿಕ್ಕಿ ಹೊಡೆದು ಮೂವರು ಸತ್ತರು.

ಈ ಮೂರರಲ್ಲಿ ಒಂದೂ ರನ್‌ವೇಯ ಉದ್ದ ಸಾಲದೆ ಮೇಲಿನ ಗೋಡೆಗೆ ಬಡಿದದ್ದಲ್ಲ. ಎಲ್ಲರ ಕಣ್ಣಿಗೆ ಮೊದಲು ಬೀಳುವ ಆ ಗೋಡೆ ಈ ಯಾವ ಸಾವಿಗೂ ಕಾರಣವಲ್ಲ. ಹೆಚ್ಚು ಜೀವ ಹೋದದ್ದು ಕೆಳತುದಿಯ ಹೊರಗೆ, ನೋಟ ಮಸುಕಾದಾಗ. 2008 ಮತ್ತು 2017ರ ಅಪಘಾತಗಳಿಗೆ ದೃಷ್ಟಿಭ್ರಮೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಎರಡರಲ್ಲೂ ಹವೆ ಕೆಟ್ಟಿತ್ತು, ಅಷ್ಟೇ ಸಾಕಷ್ಟು ಕಾರಣ. ಏರು ರನ್‌ವೇ ತಪ್ಪನ್ನು ಯಾವ ಕಡೆಗೆ ವಾಲಿಸುತ್ತದೆ ಎಂಬುದು ನನ್ನ ಗಮನದ ವಿಷಯ. ಅದು ವಾಲಿಸುವುದು ಕೆಳಗಿನ ಬಂಡೆಯ ಕಡೆಗೆ.

ಕನ್ನಡದ ಓದುಗರಿಗೆ ಇಲ್ಲಿ ಮಂಗಳೂರು ನೆನಪಾಗದೆ ಇರದು. 2010ರ ಮೇ 22ರಂದು ಬಜ್ಪೆಯ ಗುಡ್ಡದ ತಲೆಯ ಮೇಲಿನ ರನ್‌ವೇಯಲ್ಲಿ ದುಬೈನಿಂದ ಬಂದ ವಿಮಾನ ನಿಲ್ಲದೆ ಮುಂದಕ್ಕೆ ಹೋಗಿ ಕಂದರಕ್ಕೆ ಬಿತ್ತು. 158 ಜನ ಸತ್ತರು, ಎಂಟು ಮಂದಿ ಉಳಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ನೋವು ಇನ್ನೂ ಹಸಿಯಾಗಿದೆ. ಅಲ್ಲಿನ ರನ್‌ವೇ 2,450 ಮೀಟರ್, ಲುಕ್ಲಾದ ನಾಲ್ಕೂವರೆ ಪಟ್ಟು. ಉದ್ದವಿತ್ತು, ಆದರೆ ವಿಮಾನ ನೆಲ ಮುಟ್ಟುವ ಹೊತ್ತಿಗೆ ಅದರ ಅರ್ಧಕ್ಕಿಂತ ಹೆಚ್ಚು ದಾಟಿಹೋಗಿತ್ತು. ಮತ್ತೆ ಮೇಲೇರಿ ಹೋಗೋಣವೆಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದು ತನಿಖೆಯಲ್ಲಿ ಹೊರಬಂತು. ಎರಡನೆಯ ಅವಕಾಶ ಕೈಯಲ್ಲಿತ್ತು, ಅದನ್ನು ಬಳಸಲಿಲ್ಲ. ಲುಕ್ಲಾದಲ್ಲಿ ಅಂಥ ಅವಕಾಶವೇ ಇಲ್ಲ. ಎರಡನ್ನೂ 'ಅಪಾಯದ ರನ್‌ವೇ' ಎಂಬ ಒಂದೇ ಪಟ್ಟಿಗೆ ಸೇರಿಸುವುದು ಸರಿಯಲ್ಲ: ಒಂದರ ತೊಂದರೆ ಕೊನೆಯ ತುದಿಯಲ್ಲಿ, ಇನ್ನೊಂದರದು ಮೊದಲ ತುದಿಯಲ್ಲಿ. ಪರಿಹಾರಗಳೂ ಒಂದೇ ಆಗಿರಲಾರವು.

ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಲುಕ್ಲಾಕ್ಕೆ ಹೊರಟವರ ಸಾವು ಎಷ್ಟೋ ಸಲ ಲುಕ್ಲಾದಲ್ಲಿ ಆಗಿಲ್ಲ. 2010ರ ಆಗಸ್ಟ್‌ನಲ್ಲಿ ಹೊರಟ ಡಾರ್ನಿಯರ್ ವಿಮಾನ ಕೆಟ್ಟ ಹವೆಯಿಂದ ಹಿಂದಿರುಗುವಾಗ ದಾರಿಯಲ್ಲೇ ಬಿದ್ದು 14 ಮಂದಿ ಸತ್ತರು. 2012ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಡಾರ್ನಿಯರ್ ಕಾಠ್ಮಂಡುವಿನ ಉದ್ದನೆಯ ರನ್‌ವೇಯಿಂದ ಮೇಲೆದ್ದ ಕೂಡಲೇ ಬಿದ್ದು 19 ಮಂದಿ ಸತ್ತರು. ಹಿಲರಿಯವರ ಹೆಂಡತಿ ಲೂಯಿಸ್ ಮತ್ತು ಮಗಳು ಬೆಲಿಂಡಾ 1975ರಲ್ಲಿ ತೀರಿಕೊಂಡದ್ದೂ ಕಾಠ್ಮಂಡುವಿನಿಂದ ವಿಮಾನ ಹೊರಟ ಕ್ಷಣದಲ್ಲೇ. ಹಿಲರಿ ಆಸ್ಪತ್ರೆ ಕಟ್ಟಿಸುತ್ತಿದ್ದ ಫಾಫ್ಲುವಿಗೆ ಅವರು ಹೊರಟಿದ್ದರು. ಬೆಟ್ಟದ ಹಾರಾಟದ ಅಪಾಯವನ್ನೆಲ್ಲ ಒಂದು 527 ಮೀಟರ್ ಪಟ್ಟಿಯ ತಲೆಗೆ ಕಟ್ಟುವುದು ಈ ಕಾರಣಕ್ಕೂ ತಪ್ಪು.

ನೇಪಾಳದ ನಿಯಮಗಳು ಪೈಲಟ್‌ನ ಅನುಭವದ ಮೇಲೆ ಭಾರ ಹಾಕಿವೆ: ಇಂಥ ಗಿಡ್ಡ ರನ್‌ವೇಗಳಲ್ಲಿ ಕನಿಷ್ಠ ನೂರು ಹಾರಾಟ, ನೇಪಾಳದಲ್ಲಿ ಒಂದು ವರ್ಷದ ಅನುಭವ, ಲುಕ್ಲಾಕ್ಕೇ ಶಿಕ್ಷಕರ ಜೊತೆ ಹತ್ತು ಸಲ ಹೋಗಿಬಂದಿರಬೇಕು. ಕಣ್ಣಿನ ಹಳೆಯ ಅಭ್ಯಾಸವನ್ನು ಅಳಿಸಿ ಹೊಸದನ್ನು ಕೂರಿಸುವುದು ಹೀಗೆಯೇ ಸಾಧ್ಯ, ಹಾಗಾಗಿ ಈ ನಿಯಮ ಸರಿಯಾದ ಜಾಗಕ್ಕೇ ಕೈ ಹಾಕಿದೆ. 2019ರಿಂದ ಪ್ರವಾಸದ ದಟ್ಟಣೆಯ ತಿಂಗಳುಗಳಲ್ಲಿ ಹೆಚ್ಚಿನ ವಿಮಾನಗಳು ಕಾಠ್ಮಂಡುವಿನ ಬದಲು ರಾಮೇಛಾಪದ ಮಂಥಲಿಯಿಂದ ಹೊರಡುತ್ತಿವೆ. ಹಾರಾಟ ಅರ್ಧ ಗಂಟೆಯಿಂದ ಇಪ್ಪತ್ತು ನಿಮಿಷದೊಳಕ್ಕೆ ಇಳಿದಿದೆ. ಕಾಠ್ಮಂಡುವಿನ ದಟ್ಟಣೆ ತಗ್ಗಿಸಲು ಮಾಡಿದ್ದು ಇದಾದರೂ ಅದರ ಫಲ ಬೇರೆ ಕಡೆಯೂ ಇದೆ: ಬೆಳಗಿನ ಆ ಕೆಲವೇ ಗಂಟೆಗಳಲ್ಲಿ ಹೆಚ್ಚು ಸಲ ಹೋಗಿಬರಲು ಸಾಧ್ಯ, ಹೊರಡುವಾಗ ನೋಡಿದ ಹವೆಗೂ ತಲುಪುವಾಗಿನ ಹವೆಗೂ ಅಂತರ ಕಡಿಮೆ, ಹಿಂದಿರುಗಿದರೆ ಆಗುವ ನಷ್ಟವೂ ಕಡಿಮೆ. ಕೊನೆಯದು ಮುಖ್ಯ. ಹಿಂದಿರುಗುವುದು ಅಗ್ಗವಾದಷ್ಟೂ ಪೈಲಟ್ ಹಿಂದಿರುಗಲು ಹಿಂಜರಿಯುವುದಿಲ್ಲ.

ಅಪಘಾತಗಳ ಪಟ್ಟಿಯಲ್ಲಿ ಬಿದ್ದ ವಿಮಾನಗಳಷ್ಟೇ ಇರುತ್ತವೆ. ಕಣಿವೆಯ ಅರ್ಧದಲ್ಲಿ ಮೋಡ ಕಂಡು ತಿರುಗಿಕೊಂಡ ವಿಮಾನ ಅದರಲ್ಲಿ ಬರುವುದಿಲ್ಲ, ಲುಕ್ಲಾದ ಸುರಕ್ಷತೆ ಉತ್ಪತ್ತಿಯಾಗುವುದು ಮಾತ್ರ ಅಂಥ ವಿಮಾನಗಳಲ್ಲಿ. ಮುಂದಿನ ಅಧ್ಯಯನಕ್ಕೆ ಅವುಗಳ ಲೆಕ್ಕವೇ ಆಧಾರವಾಗಬೇಕು: ಯಾವ ತಿಂಗಳು, ಎಷ್ಟು ಗಂಟೆಗೆ, ಕಣಿವೆಯ ಯಾವ ತಿರುವಿನಿಂದ, ಮೋಡದ ತಳ ಎಷ್ಟಿದ್ದಾಗ, ಬೆನ್ನ ಗಾಳಿ ಎಷ್ಟಿದ್ದಾಗ ತಿರುಗಿದರು ಎಂಬುದನ್ನು ಪ್ರತಿ ಹಾರಾಟಕ್ಕೂ ಬರೆದು, ಇಳಿದ ಹಾರಾಟಗಳ ಪಕ್ಕದಲ್ಲಿಟ್ಟು ನೋಡಬೇಕು.